ಮುಂದಿನ ಜೋಡಿ, ಹಿಂದಿನ ಜೋಡಿ

ದಾವಣಗೆರೆಯಲ್ಲಿ ಮೇದಿನಿ ಎಂಬ ಹೆಣ್ಣುಮಗಳಿದ್ದಳು. ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುವುದು ಅವಳ ಕಸುಬು. ಅವಳಿಗೆ ಕಲಿಸಿದವರು ಬೆನೆಡಿಕ್ಟ್ ಮೇಸ್ಟ್ರು. ಮೇಸ್ಟ್ರು ಪ್ರಾಯದಲ್ಲಿ ಮೋಟಾರು ಸ್ಪರ್ಧೆಗಳಿಗೆ ಹೋಗುತ್ತಿದ್ದವರು. ಆಮೇಲೆ ಊರಲ್ಲೇ ಡ್ರೈವಿಂಗ್ ಶಾಲೆ ತೆರೆದು ಅರ್ಧ ಊರಿಗೆ ಲೈಸೆನ್ಸ್ ಕೊಡಿಸಿದರು. ವಯಸ್ಸಾಗಿ ಕೈ ನಡುಗಲು ಶುರುವಾದಾಗ ಶಾಲೆಯನ್ನು ಮೇದಿನಿಗೆ ವಹಿಸಿ, ತಾವು ಸ್ಟೇರಿಂಗ್ ಮುಟ್ಟುವುದನ್ನೇ ನಿಲ್ಲಿಸಿದರು.

ಮೇಸ್ಟ್ರ ಮನೆಯ ಶೆಡ್ಡಿನಲ್ಲಿ ಅವರ ಹಳೆಯ ಕಾರೊಂದು ನಿಂತಿತ್ತು. ಕಡುನೀಲಿ ಬಣ್ಣ, ನಾಲ್ಕು ಬಾಗಿಲು, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಆ ಕಾರಿಗೆ ಇನ್ನೊಂದು ವಿಶೇಷವಿತ್ತು. ಅದರ ಮುಂದಿನ ಚಕ್ರಗಳಿಗಿಂತ ಹಿಂದಿನವು ಅಗಲ. ಕಾರನ್ನು ತಳ್ಳುವ ಕೆಲಸ ಹಿಂದಿನ ಚಕ್ರಗಳದ್ದು, ನೆಲವನ್ನು ಹಿಡಿಯಲು ಅವಕ್ಕೆ ಹೆಚ್ಚು ಜಾಗ ಬೇಕು ಎಂದು ಕಾರು ಮಾಡಿದವರು ಹಾಗೆ ಮಾಡಿದ್ದರು. ಹಿಂದಿನಿಂದ ನೋಡಿದರೆ ಕಾಲು ಅಗಲಿಸಿ ನಿಂತ ಜಟ್ಟಿಯ ಹಾಗೆ ಕಾಣುತ್ತಿತ್ತು.

ನೋಡಲು ಚೆಂದವಾದರೂ ಅದನ್ನು ಸಾಕುವುದು ಕಷ್ಟ. ಬೇರೆ ಕಾರುಗಳಲ್ಲಿ ಮುಂದಿನ ಟೈರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಸವೆತವನ್ನು ಹಂಚಿಬಿಡಬಹುದು. ಇಲ್ಲಿ ಅಳತೆಯೇ ಬೇರೆ ಬೇರೆ ಆದ್ದರಿಂದ ಆ ಉಪಾಯ ನಡೆಯದು. ಹಿಂದಿನ ಜೋಡಿ ಬೇಗ ಸವೆಯುತ್ತದೆ. ಹೊಸದು ತರಬೇಕೆಂದರೆ ಎರಡು ಅಳತೆ ಹುಡುಕಬೇಕು. ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ.

ಒಂದು ಬೇಸಿಗೆಯಲ್ಲಿ ಮೇಸ್ಟ್ರು ಮೇದಿನಿಯನ್ನು ಕರೆದು ಶೆಡ್ಡಿನ ಬೀಗದ ಕೈ ಕೊಟ್ಟರು.

"ಮಳೆಗಾಲದ ಶುರುವಿಗೆ ಜೋಗಿಗುಡ್ಡದಲ್ಲಿ ಓಟ ಇಟ್ಟಿದ್ದಾರಂತೆ. ಈ ಕಾರನ್ನ ಇನ್ನೊಂದು ಸಲ ಆ ಗುಡ್ಡ ಹತ್ತಿಸಬೇಕು ಅಂತ ಆಸೆ ನನಗೆ. ನನ್ನ ಕೈಯಲ್ಲಿ ಆಗಲ್ಲ. ನೀನು ಹತ್ತಿಸು," ಎಂದರು.

ಗುಡ್ಡದ ಓಟವೆಂದರೆ ಒಬ್ಬೊಬ್ಬರಾಗಿ ಬುಡದಿಂದ ತುದಿಯವರೆಗೆ ಕಾರು ಓಡಿಸುವುದು. ಬೇಗ ತಲುಪಿದವರು ಗೆದ್ದಂತೆ. ಅಲ್ಲಿ ಎರಡು ನಿಯಮಗಳಿದ್ದವು. ದಿನನಿತ್ಯ ರಸ್ತೆಯಲ್ಲಿ ಓಡಾಡುವ ಟೈರುಗಳೇ ಇರಬೇಕು, ರೇಸಿಗೆಂದೇ ಮಾಡಿದವು ಕೂಡದು. ಮತ್ತು ಕಾರನ್ನು ಮನೆಯಿಂದ ಓಡಿಸಿಕೊಂಡೇ ಬರಬೇಕು, ಓಡಿಸಿಕೊಂಡೇ ಹೋಗಬೇಕು. ಲಾರಿಯ ಮೇಲೆ ಹೇರಿಕೊಂಡು ಬರುವಂತಿಲ್ಲ.

ಮೇದಿನಿಗೆ ಆ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳು ಮೈದಾನದಲ್ಲಿ ಹೆಂಗಸರಿಗೆ ಕ್ಲಚ್ಚು ಬಿಡುವುದನ್ನು, ಲೈಸೆನ್ಸ್ ಪರೀಕ್ಷೆಗೆಂದು ಕಾರನ್ನು ಸುತ್ತಿಸಿ 'ಎಂಟು' ಹಾಕುವುದನ್ನು ಕಲಿಸುತ್ತಿದ್ದರೆ, ಪಕ್ಕದ ಚಹಾದ ಅಂಗಡಿಯಲ್ಲಿ ಕೂತವರು ನಗುತ್ತಿದ್ದರು. ಎಂಟು ಹಾಕಿಸುವವಳಿಗೆ ಎಂಟೇ ಗೊತ್ತು, ದೊಡ್ಡ ರಸ್ತೆ ಗೊತ್ತಿಲ್ಲ ಎನ್ನುತ್ತಿದ್ದರು. ಅವಳಿಗೆ ಅದು ಕೇಳಿಸುತ್ತಿತ್ತು. ಈಗ ತೋರಿಸುತ್ತೇನೆ ಎಂದುಕೊಂಡಳು.

ಕಾರನ್ನು ತೊಳೆದು, ಎಂಜಿನ್ನನ್ನು ಸರಿಮಾಡಿಸಿ, ಬ್ರೇಕು ಬದಲಿಸಿ ಕೊನೆಗೆ ಟೈರಿನ ಕಡೆ ಬಂದಳು. ಎಲ್ಲವೂ ಸವೆದಿದ್ದವು. ಮುಂದಿನವು ಪೂರ್ತಿ ಬೋಳು. ಹಿಂದಿನವನ್ನು ಮೇಸ್ಟ್ರು ನಡುವೆ ಒಮ್ಮೆ ಬದಲಿಸಿದ್ದರಿಂದ ಅವುಗಳಲ್ಲಿ ಇನ್ನೂ ಸ್ವಲ್ಪ ಗೆರೆ ಉಳಿದಿತ್ತು. ಅವಳು ಗುರುಬಸಪ್ಪನವರ ಟೈರ್ ಅಂಗಡಿಗೆ ಹೋದಳು.

ಗುರುಬಸಪ್ಪನವರು ಒಂದು ಟೈರನ್ನು ಉರುಳಿಸಿಕೊಂಡು ಬಂದು ಅವಳ ಮುಂದೆ ನಿಲ್ಲಿಸಿದರು. ರಬ್ಬರು ಮೆತ್ತಗಿತ್ತು. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಗೆರೆಗಳು ಕಡಿಮೆ, ಅವೂ ಆಳವಿಲ್ಲ.

"ರಸ್ತೆಗೆ ಅಂಟಿಕೊಂಡು ಹೋಗ್ತದ್ರೀ ಇದು. ಗುಡ್ಡದ ಓಟಕ್ಕೆ ಇದಕ್ಕಿಂತ ಬೇರೆ ಇಲ್ಲ. ಮುಂದಿನ ಅಳತೆ ಒಂದು ಜೋಡಿ ಐತಿ. ಹಿಂದಿನದು ಬರೋದು ತಡ ಆಗ್ತದೆ," ಎಂದರು.

"ಹಾಗಾದರೆ ಹಿಂದಕ್ಕೆ ಏನು ಮಾಡೋದು?"

"ಹಿಂದಿನವಕ್ಕ ಗೆರೆ ಇನ್ನೂ ಐತಲ್ರೀ ಮೇಡಂ. ಸದ್ಯಕ್ಕೆ ಈ ಹೊಸಾವನ್ನ ಮುಂದೆ ಹಾಕ್ಕೊಳ್ರಿ. ಕಾರು ತಿರುಗೋದು ಮುಂದಿನ ಚಕ್ರದಿಂದ ತಾನೇ?"

ಆ ಮಾತು ಸರಿಯೆನಿಸಿತು. ಅವಸರದಲ್ಲಿದ್ದವರಿಗೆ ಬೇಕಾದ ಮಾತು ಯಾವಾಗಲೂ ಸರಿಯೆಂದೇ ಅನಿಸುತ್ತದೆ. ಅವಳು ಮುಂದಿನ ಜೋಡಿ ಹಾಕಿಸಿಕೊಂಡು ಬಂದಳು.

ಮೇಸ್ಟ್ರು ಗೇಟಿನಲ್ಲೇ ನಿಂತು ನೋಡಿದರು. "ಹಿಂದಿನವು?" ಎಂದು ಕೇಳಿದರು.

"ಸದ್ಯಕ್ಕೆ ನಡೆಯುತ್ತೆ ಮೇಸ್ಟ್ರೇ. ಬಂದ ಮೇಲೆ ಹಾಕಿಸ್ತೀನಿ."

ಮೇಸ್ಟ್ರು ಇನ್ನೇನೋ ಹೇಳಲು ಬಾಯಿ ತೆರೆದವರು ಸುಮ್ಮನಾದರು. ಅವರಿಗೂ ಆ ಕಾರಿನಲ್ಲಿ ಕೂತು ಗುಡ್ಡ ಹತ್ತುವ ಆಸೆ ಅಷ್ಟಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಇಬ್ಬರೂ ಅಭ್ಯಾಸಕ್ಕೆಂದು ಜೋಗಿಗುಡ್ಡಕ್ಕೆ ಹೋದರು. ಮೇಸ್ಟ್ರು ಎಡಗಡೆ ಸೀಟಿನಲ್ಲಿ, ಮೇದಿನಿ ಸ್ಟೇರಿಂಗಿನಲ್ಲಿ. ಮೊದಲ ತಿರುವುಗಳಲ್ಲಿ ಕಾರು ಅವಳು ಅಂದುಕೊಂಡ ಕಡೆಗೆಲ್ಲ ತಿರುಗಿತು. ಸ್ಟೇರಿಂಗ್ ಅಲುಗಿಸಿದರೆ ಸಾಕು, ಮೂತಿ ಹೊರಳುತ್ತಿತ್ತು. ಅವಳು ಇಂಥ ಕಾರನ್ನು ಎಂದೂ ಓಡಿಸಿರಲಿಲ್ಲ. ಮೇಸ್ಟ್ರ ಮುಖ ಅರಳಿತು. ಅವಳು ವೇಗ ಹೆಚ್ಚಿಸಿದಳು.

ಗುಡ್ಡದ ಅರ್ಧದಲ್ಲಿ ಒಂದು ತಿರುವಿದೆ. ಅಲ್ಲಿ ಬಂಡೆಯ ಸಂದಿನಿಂದ ನೀರು ಜಿನುಗುತ್ತ ರಸ್ತೆಯ ಮೇಲೆ ಹರಿಯುತ್ತದೆ. ಮೇದಿನಿ ಅದನ್ನು ಕಂಡಳು, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಚಕ್ರಗಳು ಆ ಒದ್ದೆಯ ಮೇಲೂ ತಿರುವನ್ನು ಹಿಡಿದವು. ಹಿಂದಿನವು ಹಿಡಿಯಲಿಲ್ಲ. ಕಾರಿನ ಹಿಂಭಾಗ ಹೊರಕ್ಕೆ ಜಾರಿತು. ಅವಳು ಸ್ಟೇರಿಂಗ್ ಉಲ್ಟಾ ತಿರುಗಿಸುವಷ್ಟರಲ್ಲಿ ಕಾರು ಪೂರ್ತಿ ಸುತ್ತು ಹಾಕಿ, ಎಡಮಗ್ಗುಲು ಹೋಗಿ ತಡೆಗೋಡೆಗೆ ಬಡಿಯಿತು.

ಗೋಡೆಯ ಆಚೆಗೆ ಕಣಿವೆ. ಗೋಡೆ ತಡೆಯಿತು. ಆದರೆ ಬಡಿದದ್ದು ಮೇಸ್ಟ್ರು ಕೂತಿದ್ದ ಕಡೆ.

ಮೇಸ್ಟ್ರ ಹೆಗಲ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಅವರ ಹೆಂಡತಿ ಕಾರ್ಮಿನಮ್ಮ ಬಂದರು. ಅವರು ಕೂಗಾಡುವ ಹೆಂಗಸಲ್ಲ. ಗಂಡನ ಹಾಸಿಗೆಯ ಪಕ್ಕ ಕೂತು ಹೊದಿಕೆ ಸರಿಮಾಡಿದರು. ಆಮೇಲೆ ಮೇದಿನಿಯ ಕಡೆ ತಿರುಗಿದರು.

"ನಿನಗೆ ಓಟ ಬೇಕು, ಇವರಿಗೂ ಓಟ ಬೇಕು. ನನಗೆ ಇವರು ಬೇಕು," ಎಂದರು. "ಆ ಬೀಗದ ಕೈ ಕೊಡು."

ಮೇದಿನಿ ಕೊಟ್ಟಳು. ಎಡಮಗ್ಗುಲು ಜಜ್ಜಿದ ಕಾರನ್ನು ಎಳೆಸಿ ತಂದು ಮತ್ತೆ ಶೆಡ್ಡಿನಲ್ಲಿ ನಿಲ್ಲಿಸಿದರು.

ಇಲ್ಲಿಗೆ ಬೇರೆ ಯಾರಾದರೂ ಆಗಿದ್ದರೆ ಕೈ ಬಿಡುತ್ತಿದ್ದರು. ಮೇದಿನಿಗೂ ಮನಸ್ಸು ಕುಸಿದಿತ್ತು. ತನ್ನ ಗುರುವಿನ ಮೂಳೆ ತನ್ನ ಕೈಯಿಂದಲೇ ಮುರಿಯಿತಲ್ಲ ಎಂಬುದು ಊಟ ಮಾಡುವಾಗ, ಪಾಠ ಹೇಳುವಾಗ, ಎಲ್ಲ ಹೊತ್ತಿನಲ್ಲೂ ಅವಳನ್ನು ಕಾಡುತ್ತಿತ್ತು. ಆದರೆ ಅವಳದು ಬೇರೆ ಜೀವ. ತಪ್ಪಾಗಿದೆ ಎಂದು ಗೊತ್ತಾದ ಮೇಲೆ, ಎಲ್ಲಿ ತಪ್ಪಾಯಿತು ಎಂದು ತಿಳಿಯದೆ ಬಿಡುವವಳಲ್ಲ.

ಅವಳು ಬಸ್ಸು ಹತ್ತಿ ಜೋಗಿಗುಡ್ಡಕ್ಕೆ ಹೋದಳು. ಬುಡದಿಂದ ತುದಿಯವರೆಗೆ ನಡೆದಳು. ಕಾರಿನಲ್ಲಿ ಹೋಗುವಾಗ ಅದು ಅವಳಿಗೆ ಒಂದೇ ರಸ್ತೆಯಾಗಿ ಕಂಡಿತ್ತು. ನಡೆದಾಗ ನಾಲ್ಕಾರು ರಸ್ತೆ ಕಂಡವು. ಕೆಳಗೆ ಒಳ್ಳೆಯ ಡಾಂಬರು. ಮೇಲೆ ಹೋದಂತೆ ಸಿಮೆಂಟಿನ ತೇಪೆ. ಒಂದು ಕಡೆ ಮಳೆನೀರು ಕೊಚ್ಚಿ ತಂದ ಕೆಮ್ಮಣ್ಣು ನುಣ್ಣಗೆ ಹರಡಿತ್ತು. ಮರದ ನೆರಳಿನಲ್ಲಿ ಪಾಚಿ. ಆ ತಿರುವಿನಲ್ಲಿ ನೀರು. ಅವಳು ನೀರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯನ್ನು ಒದ್ದೆ ರಸ್ತೆಯ ಮೇಲೆ ಒತ್ತಿ ಜಾರಿಸಿ ನೋಡಿದಳು. ನಾನು ಟೈರು ಆರಿಸುವಾಗ ರಸ್ತೆಯನ್ನು ನೋಡಿರಲಿಲ್ಲ, ನನ್ನ ಗೆಲುವನ್ನು ನೋಡಿದ್ದೆ ಎಂದುಕೊಂಡಳು.

ಅಲ್ಲಿಂದ ನೇರ ಮೇಸ್ಟ್ರ ಮನೆಗೆ ಬಂದಳು. ಮೇಸ್ಟ್ರು ಆಸ್ಪತ್ರೆಯಿಂದ ಬಂದು, ತೋಳನ್ನು ಕೊರಳಿಗೆ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದರು. ಮೇದಿನಿ ಮೊದಲು ಕಾರ್ಮಿನಮ್ಮನ ಹತ್ತಿರ ಹೋದಳು.

"ಅಮ್ಮ, ಬೀಗದ ಕೈ ಬೇಕು."

"ಇನ್ನು ಅದನ್ನ ಕೊಡಲ್ಲ."

"ಓಡಿಸೋಕಲ್ಲ. ಚಕ್ರ ಬಿಚ್ಚೋಕೆ."

ಕಾರ್ಮಿನಮ್ಮ ಒಳಗೆ ಹೋದರು. ಬೀಗದ ಕೈ ತಂದು ಮೇಜಿನ ಮೇಲಿಟ್ಟರು.

ಮೇದಿನಿ ಹಿಂದಿನ ಒಂದು ಚಕ್ರವನ್ನು ಬಿಚ್ಚಿ ಉರುಳಿಸಿಕೊಂಡು ಜಗಲಿಗೆ ತಂದಳು. ಮುಂದಿನ ಹೊಸ ಚಕ್ರವನ್ನೂ ಪಕ್ಕದಲ್ಲಿ ನಿಲ್ಲಿಸಿದಳು.

"ಹೇಳಿ ಮೇಸ್ಟ್ರೇ," ಎಂದಳು.

ಮೇಸ್ಟ್ರು ಒಳ್ಳೆಯ ಕೈಯಿಂದ ಹಳೆಯ ಟೈರಿನ ಗೆರೆಯಲ್ಲಿ ಬೆರಳು ಓಡಿಸಿದರು. ಬೆರಳು ಎಲ್ಲೂ ಇಳಿಯಲಿಲ್ಲ.

"ಈ ಗೆರೆ ಇರೋದು ಅಲಂಕಾರಕ್ಕಲ್ಲ. ನೀರು ಓಡಿಹೋಗೋ ದಾರಿ. ಟೈರು ಅಗಲ ಇದ್ದಷ್ಟೂ ಅದರ ಕೆಳಗೆ ಸಿಕ್ಕಿಕೊಳ್ಳೋ ನೀರು ಜಾಸ್ತಿ. ಅದಕ್ಕೆ ದಾರಿ ಇಲ್ಲದಿದ್ದರೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ನಿಲ್ಲುತ್ತೆ. ಒಣಗಿದ ರಸ್ತೆಯಲ್ಲಿ ಅಗಲ ನಮಗೆ ನೆಂಟ. ಒದ್ದೆಯಲ್ಲಿ ಗೆರೆ ಇಲ್ಲದ ಅಗಲ ಶತ್ರು."

"ಮುಂದಿನವು ಹಿಡಿದವಲ್ಲ?"

"ಅದೇ ಅಪಾಯ ಆಗಿದ್ದು. ಮುಂದಿನವು ಜಾರಿದರೆ ನಿನ್ನ ಕೈಗೆ ಗೊತ್ತಾಗುತ್ತೆ, ಕಾಲು ಎತ್ತುತ್ತೀಯ. ಹಿಂದಿನವು ಜಾರಿದ್ದು ಗೊತ್ತಾಗೋ ಹೊತ್ತಿಗೆ ಕಾರು ತಿರುಗಿರುತ್ತೆ. ಮುಂದಿನ ಜೋಡಿ ಒಂದು ಮಾತು, ಹಿಂದಿನ ಜೋಡಿ ಇನ್ನೊಂದು ಮಾತು ಆಡಿದರೆ ಕಾರು ಯಾರ ಮಾತು ಕೇಳಬೇಕು?" ಮೇಸ್ಟ್ರು ಚಕ್ರವನ್ನು ಪಕ್ಕಕ್ಕೆ ಒರಗಿಸಿದರು. "ನನಗೆ ಇದು ಗೊತ್ತಿತ್ತು ಮೇದಿನಿ. ಗೊತ್ತಿದ್ದೂ ಗೇಟಿನಲ್ಲಿ ಸುಮ್ಮನಿದ್ದೆ. ಅದನ್ನೆಲ್ಲ ನೀನೊಬ್ಬಳೇ ಹೊತ್ಕೋಬೇಡ."

ಮೇದಿನಿ ಮತ್ತೆ ಗುರುಬಸಪ್ಪನವರ ಅಂಗಡಿಗೆ ಹೋದಳು. ಅವರು ಅವಳನ್ನು ಕಂಡು ಎದ್ದು ಬಂದರು. ಮೇಸ್ಟ್ರ ಆರೋಗ್ಯ ವಿಚಾರಿಸಿದರು. ನಿಜವಾಗಿಯೂ ನೊಂದಿದ್ದರು. ಆಮೇಲೆ ಸಮಾಧಾನವಾಗಲೆಂದು ಹೇಳಿದರು:

"ಈಗ ಚಿಂತಿ ಇಲ್ರೀ. ಆ ಅಂಟು ಟೈರಿನ ಹಿಂದಿನ ಅಳತೆ ಬಂದೈತಿ. ನಾಲ್ಕೂ ಒಂದೇ ಬಗೆ ಆಗ್ತದೆ. ಓಟಕ್ಕೆ ಹೋದೋರೆಲ್ಲ ಅದನ್ನೇ ಹಾಕಿಸ್ಯಾರ."

ಕೇಳಿ, ಅವಳ ಪರೀಕ್ಷೆ ಇದೇ. ಸವೆದ ಟೈರು ಬೇಡ ಎನ್ನುವುದು ಪೆಟ್ಟು ತಿಂದವರಿಗೆ ಕಷ್ಟವಲ್ಲ. ಈಗ ಮುಂದಿದ್ದದ್ದು ಹೊಚ್ಚಹೊಸದು, ನಾಲ್ಕಕ್ಕೆ ನಾಲ್ಕು, ಒಣಗಿದ ರಸ್ತೆಯಲ್ಲಿ ಎಲ್ಲಕ್ಕಿಂತ ವೇಗದ್ದು. ಇವತ್ತೇ ಹಾಕಿಸಿಕೊಂಡು ಹೋಗಬಹುದು. ಅವಳು ಅದರ ಗೆರೆಯಲ್ಲಿ ಬೆರಳಿಟ್ಟಳು. ಉಗುರಿನಷ್ಟೂ ಆಳವಿರಲಿಲ್ಲ. ಓಟ ಇರುವುದು ಮಳೆಗಾಲದ ಶುರುವಿಗೆ. ಕಾರು ಓಡಿಸಿಕೊಂಡೇ ಹೋಗಬೇಕು, ಬರಬೇಕು.

"ಇದು ಬೇಡ ಅಣ್ಣ. ಗೆರೆ ಆಳ ಇರಬೇಕು, ನೀರು ಹೊರಗೆ ಹಾಕಬೇಕು. ಆದರೆ ಮೆತ್ತೆಯ ಹಾಗೆ ಸಡಿಲವೂ ಇರಬಾರದು, ಸ್ಟೇರಿಂಗ್ ತಿರುಗಿಸಿದರೆ ಕೂಡಲೇ ತಿರುಗಬೇಕು. ನಾಲ್ಕು ಜನ ಕೂತರೂ ಭಾರ ತಡೀಬೇಕು. ಮುಂದಿನದೂ ಹಿಂದಿನದೂ ಒಂದೇ ಕಂಪನಿಯ ಒಂದೇ ಮಾದರಿ ಆಗಬೇಕು."

ಗುರುಬಸಪ್ಪನವರು ತಲೆ ಕೆರೆದುಕೊಂಡರು. ಒಳಗಿನಿಂದ ಇನ್ನೊಂದು ಟೈರು ತಂದರು. ನಡುವೆ ಅಗಲವಾದ ಕಾಲುವೆಗಳಂಥ ಗೆರೆಗಳು, ಅಂಚು ಗಟ್ಟಿ. ಮೇದಿನಿ ಅದನ್ನು ಒತ್ತಿ, ತಟ್ಟಿ, ತಿರುಗಿಸಿ ನೋಡಿದಳು. ಇದೇ ಎಂದಳು.

"ಒಣಗಿದ್ದರಾಗ ಆ ಟೈರಿನಷ್ಟು ಓಡಂಗಿಲ್ಲ ನೋಡ್ರಿ ಇದು."

"ಗೊತ್ತು."

"ಮತ್ತ ಹಿಂದಿನ ಅಳತೆ ಇಲ್ಲ. ಎಲ್ಲೂ ಸಿಗವಲ್ದು. ಹಿಂದಕ್ಕ ಅದೇ ಅಗಲದ್ದು ಬೇರೆ ಕಂಪನಿದು ಹಾಕೋಣು?"

"ಬೇಡ."

"ಹಂಗಾದ್ರ ನಾಲ್ಕಕ್ಕೂ ಮುಂದಿನ ಅಳತೇನೇ ಹಾಕಿಬಿಡೋಣು. ತಲಿನೋವೇ ಇಲ್ಲ."

"ಅಗಲ ಚಕ್ರಕ್ಕೆ ಸಣ್ಣ ಟೈರು ಎಳೆದು ಕೂರಿಸಿದ ಹಾಗಾಗುತ್ತೆ. ಕಾರು ಮಾಡಿದವರು ಹಿಂದೆ ಅಗಲ ಕೊಟ್ಟಿರೋದು ಸುಮ್ಮನಲ್ಲ. ಬೇಡ."

"ಓಟ ಹತ್ತಿರ ಬಂತಲ್ರೀ ಮೇಡಂ."

"ಸಿಗೋ ತನಕ ಕಾಯ್ತೀನಿ. ಓಟಕ್ಕೆ ಮುಂಚೆ ಸಿಗದಿದ್ದರೆ ಓಟಕ್ಕೆ ಹೋಗಲ್ಲ."

ಈ ಮಾತು ಹೇಳುವಾಗ ಮೇಸ್ಟ್ರ ಆಸೆ, ತನ್ನ ಹಟ, ಚಹಾದ ಅಂಗಡಿಯ ನಗು ಎಲ್ಲವೂ ನೆನಪಾದವು. ಆದರೂ ಮಾತು ಬದಲಿಸಲಿಲ್ಲ.

ಅಂದಿನಿಂದ ಅವಳು ಪಾಠದ ನಡುನಡುವೆ ಫೋನು ಹಿಡಿದು ಕೂತಳು. ಹುಬ್ಬಳ್ಳಿಯಲ್ಲಿ ಇಲ್ಲ. ಬೆಂಗಳೂರಿನಲ್ಲಿ ಇತ್ತು, ಮಾರಿಹೋಗಿದೆ. ಕೊಲ್ಹಾಪುರದಲ್ಲಿ ಒಂದು ಜೋಡಿ ಇದೆ ಎಂದಾಗ ಅವಳೇ ರೈಲು ಹತ್ತಿ ಹೋದಳು. ಅಂಗಡಿಯವನು ತೋರಿಸಿದ ಟೈರು ಕಪ್ಪಗೆ ಹೊಳೆಯುತ್ತಿತ್ತು. ಅವಳು ಮಗ್ಗುಲಲ್ಲಿ ಅಚ್ಚಾಗಿದ್ದ ತಯಾರಾದ ವರ್ಷ ಓದಿದಳು. ಬಹಳ ಹಳೆಯದು. ಬಳಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ, ಗಟ್ಟಿಯಾಗುತ್ತದೆ, ಹಿಡಿತ ಬಿಡುತ್ತದೆ. ಹಣ್ಣು ಕೊಳ್ಳುವವರಂತೆ ನಿಧಾನವಾಗಿ ಮೂಸಿ ನೋಡಿ, "ಬೇಡ ಅಣ್ಣ," ಎಂದು ಬರಿಗೈಯಲ್ಲಿ ವಾಪಸು ಬಂದಳು.

ಬಂದ ದಿನ ಮೇಸ್ಟ್ರು ಕೇಳಿದರು, "ಸಿಕ್ಕಿತಾ?"

"ಸಿಕ್ಕಿತು. ತರಲಿಲ್ಲ."

ಮೇಸ್ಟ್ರು ನಕ್ಕರು. ಒಳಗಿದ್ದ ಕಾರ್ಮಿನಮ್ಮ ಆ ಮಾತನ್ನು ಕೇಳಿಸಿಕೊಂಡರು. ಆ ದಿನ ಅವರು ಮೇದಿನಿಗೆ ಊಟ ಮಾಡಿಕೊಂಡು ಹೋಗು ಎಂದರು. ಅಪಘಾತದ ನಂತರ ಅವರು ಹಾಗೆ ಕರೆದದ್ದು ಅದೇ ಮೊದಲು.

ಕೊನೆಗೆ ಕೊಯಮತ್ತೂರಿನ ಒಬ್ಬ ವ್ಯಾಪಾರಿಯ ಹತ್ತಿರ ಹಿಂದಿನ ಅಳತೆಯ ಹೊಸ ಜೋಡಿ ಸಿಕ್ಕಿತು. ಲಾರಿ ಪಾರ್ಸೆಲ್ಲಿನಲ್ಲಿ ಬಂದಿಳಿಯುವ ಹೊತ್ತಿಗೆ ಓಟಕ್ಕೆ ಹೆಚ್ಚು ಸಮಯವಿರಲಿಲ್ಲ. ಅಷ್ಟರಲ್ಲಿ ಮೇದಿನಿ ಕಾರಿನ ಜಜ್ಜಿದ ಮಗ್ಗುಲನ್ನೂ ಸರಿಮಾಡಿಸಿದ್ದಳು. ಗುರುಬಸಪ್ಪನವರೇ ಮುಂದೆ ನಿಂತು ನಾಲ್ಕನ್ನೂ ಕೂರಿಸಿದರು. ಗಾಳಿ ತುಂಬಿ, ಚಕ್ರಗಳ ಸಮತೋಲ ನೋಡಿ, ಎಲ್ಲವೂ ನೇರ ನಿಂತಿವೆಯೇ ಎಂದು ಅಳೆದುಕೊಟ್ಟರು.

ಹೊಸ ಟೈರಿನ ಮೇಲ್ಮೈ ಮೊದಮೊದಲು ನುಣುಪಾಗಿರುತ್ತದೆ. ಅದು ಪಳಗಬೇಕು. ಬೀಗದ ಕೈಯನ್ನು ಕಾರ್ಮಿನಮ್ಮ ವಾಪಸು ಕೇಳಿರಲಿಲ್ಲ. ಮೇದಿನಿ ದಿನವೂ ಬೆಳಿಗ್ಗೆ ಹರಿಹರದ ಕಡೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಿ ಬರತೊಡಗಿದಳು. ಒಂದು ಭಾನುವಾರ ಮಳೆ ಹಿಡಿಯಿತು. ಕಾರ್ಮಿನಮ್ಮ ಇಗರ್ಜಿಗೆ ಹೋಗಲು ಆಟೋ ಸಿಗದೆ ಬಾಗಿಲಲ್ಲಿ ನಿಂತಿದ್ದರು. ಮೇದಿನಿ ಕಾರು ತಂದು ನಿಲ್ಲಿಸಿದಳು. ಬನ್ನಿ ಎನ್ನಲಿಲ್ಲ. ಹಿಂದಿನ ಬಾಗಿಲು ಮಾತ್ರ ತೆರೆದಳು.

ಕಾರ್ಮಿನಮ್ಮ ಛತ್ರಿ ಮಡಚಿ ಕೂತರು. ಕೈಯಲ್ಲಿದ್ದ ಜಪಸರವನ್ನು ಬಿಗಿಯಾಗಿ ಹಿಡಿದಿದ್ದರು. ದಾರಿಯಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದ. ಮೇದಿನಿ ಬ್ರೇಕು ಒತ್ತಿದಳು. ನೀರು ಇಬ್ಬದಿಗೂ ಚಿಮ್ಮಿತು, ಕಾರು ಇದ್ದಲ್ಲೇ ನೇರವಾಗಿ ನಿಂತಿತು. ಕಾರ್ಮಿನಮ್ಮ ಜಪಸರದ ಹಿಡಿತ ಸಡಿಲಿಸಿದರು. ಮನೆಗೆ ಬಂದು ಗಂಡನಿಗೆ, "ಓಟದ ದಿನ ನಾನೂ ಬರ್ತೀನಿ. ನಿಮ್ಮಿಬ್ಬರನ್ನೇ ಕಳಿಸಲ್ಲ," ಎಂದರು.

ಓಟದ ದಿನ ಬಂತು. ಮೂವರೂ ಕಾರಿನಲ್ಲಿ ಜೋಗಿಗುಡ್ಡಕ್ಕೆ ಹೋದರು.

ಈಗ ನೀವು ಅಂದುಕೊಳ್ಳಬಹುದು, ಅಲ್ಲಿ ಜೋರು ಮಳೆ ಬಂದಿರಬೇಕು, ಅಂಟು ಟೈರಿನವರೆಲ್ಲ ಜಾರಿ ಮೇದಿನಿ ಗೆದ್ದಿರಬೇಕು ಎಂದು. ಹಾಗಾಗಲಿಲ್ಲ. ಅಂದು ಸುಡುವ ಬಿಸಿಲು. ಅದಕ್ಕೂ ಹಿಂದಿನ ಕೆಲವು ದಿನ ಮಳೆಯೇ ಇರಲಿಲ್ಲ. ಬಂಡೆಯ ಸಂದಿನ ನೀರು ಕೂಡ ಬತ್ತಿ, ಆ ತಿರುವಿನಲ್ಲಿ ಒಣ ಕಲೆ ಮಾತ್ರ ಉಳಿದಿತ್ತು.

ಅಂಟು ಟೈರಿನ ಕಾರುಗಳು ಗುಂಡು ಹಾರಿದಂತೆ ಗುಡ್ಡ ಏರಿದವು. ಮೇದಿನಿಯ ಸರದಿ ಬಂತು. ಕಾರ್ಮಿನಮ್ಮ ಮೇಸ್ಟ್ರನ್ನು ಕೆಳಗೇ ಕೂರಿಸಿಕೊಂಡರು. ಸ್ಪರ್ಧೆಯಲ್ಲಿ ಜೊತೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಮೇದಿನಿ ಒಬ್ಬಳೇ ಹತ್ತಿಸಿದಳು.

ಅವಳು ತನ್ನಲ್ಲಿದ್ದುದನ್ನೆಲ್ಲ ಹಾಕಿ ಓಡಿಸಿದಳು. ಪ್ರತಿ ತಿರುವೂ ಅವಳು ಕಾಲಿನಿಂದ ಅಳೆದದ್ದು. ಎಲ್ಲಿ ಬ್ರೇಕು, ಎಲ್ಲಿ ಗೇರು, ಎಲ್ಲಿ ಬಿಡಬೇಕು ಎಂಬುದು ಮೈಗೆ ಗೊತ್ತಿತ್ತು. ಕಾರಿನ ಮುಂಭಾಗವೂ ಹಿಂಭಾಗವೂ ಒಂದೇ ದೇಹವಾಗಿ ತಿರುಗುತ್ತಿದ್ದವು. ಮೇಸ್ಟ್ರ ಮೂಳೆ ಮುರಿದ ಆ ತಿರುವನ್ನೂ ಅವಳು ಅಳೆದುಕೊಂಡ ಹಾಗೆಯೇ ದಾಟಿದಳು. ತುದಿ ಮುಟ್ಟಿದಾಗ ತಾನು ಇದಕ್ಕಿಂತ ಚೆನ್ನಾಗಿ ಓಡಿಸಲಾರೆ ಎಂದು ಅವಳಿಗೆ ಗೊತ್ತಿತ್ತು.

ಬಹುಮಾನ ಬರಲಿಲ್ಲ. ಬಹುಮಾನ ಬಂದವರೆಲ್ಲ ಅಂಟು ಟೈರಿನವರು. ಇವಳಿಗೆ ಸ್ವಲ್ಪದರಲ್ಲಿ ತಪ್ಪಿತು.

ಓಟ ನೋಡಲು ಬಂದಿದ್ದ ಗುರುಬಸಪ್ಪನವರು ಹತ್ತಿರ ಬಂದರು. "ಆ ಟೈರು ಹಾಕಿದ್ದರ ಬಹುಮಾನದ ಕಪ್ಪು ನಿಮ್ಮದೇ ಇತ್ತು ಮೇಡಂ. ಅಷ್ಟು ಚೆಂದ ಹೊಡದ್ರಿ," ಎಂದರು. ಅಣಕಿಸಲಿಲ್ಲ. ಅವರು ಹೇಳಿದ್ದು ನಿಜವೂ ಆಗಿತ್ತು. ನಿಜವಾದ್ದರಿಂದಲೇ ಮೇದಿನಿಗೆ ಹೆಚ್ಚು ನೋವಾಯಿತು.

ಅವಳು ಮೇಸ್ಟ್ರ ಪಕ್ಕ ಬಂದು ಕೂತಳು. "ತಪ್ಪು ಮಾಡಿದೆನಾ ಮೇಸ್ಟ್ರೇ?"

"ಕಪ್ಪು ಬೇಕಿತ್ತು ಅಂದರೆ, ಹೌದು," ಎಂದರು ಮೇಸ್ಟ್ರು. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ. "ಆದರೆ ನನ್ನ ಕಾರು ಗುಡ್ಡ ಹತ್ತಿದ್ದನ್ನ ಕಣ್ಣಾರೆ ನೋಡಿದೆ. ನಾನು ಹತ್ತಿಸಿದ್ದಕ್ಕಿಂತ ಚೆನ್ನಾಗಿತ್ತು."

ಸಂಜೆಗೆ ಊರ ಕಡೆ ಹೊರಟರು. ಹೆದ್ದಾರಿಗೆ ಬರುವ ಹೊತ್ತಿಗೆ ಪಡುವಣ ಕಪ್ಪಾಗಿ, ಮಳೆ ಒಮ್ಮೆಲೇ ಕವಿಯಿತು. ವೈಪರು ಎಷ್ಟು ಒರೆಸಿದರೂ ಗಾಜಿನ ಆಚೆ ಬಿಳಿ ಮಂಜು. ರಸ್ತೆಯ ಮೇಲೆ ನೀರು ಹಾಳೆಯಂತೆ ಹರಿಯುತ್ತಿತ್ತು. ದಾರಿಯಲ್ಲಿ ಬಹುಮಾನ ಗೆದ್ದ ಒಂದೆರಡು ಕಾರುಗಳು ಧಾಬಾದ ಮುಂದೆ ನಿಂತಿದ್ದವು. ಆ ಟೈರುಗಳಲ್ಲಿ ಇಂಥ ನೀರಿನ ಮೇಲೆ ಹೋಗುವ ಧೈರ್ಯ ಅವರಿಗಿರಲಿಲ್ಲ. ನಿಂತದ್ದು ಜಾಣತನವೇ. ಮೇದಿನಿ ವೇಗ ತಗ್ಗಿಸಿ, ನಿಧಾನವಾಗಿ ಸಾಗಿದಳು. ಕಾರ್ಮಿನಮ್ಮ ಹಿಂದಿನ ಸೀಟಿನಲ್ಲಿ ತಲೆ ಒರಗಿಸಿ ನಿದ್ದೆ ಹೋಗಿದ್ದರು.

ಒಂದು ಸೇತುವೆ ಇಳಿದ ಕೂಡಲೇ, ಮಳೆಯ ಬಿಳುಪಿನೊಳಗಿಂದ ಒಂದು ಟ್ರ್ಯಾಕ್ಟರ್ ಟ್ರೇಲರ್ ಎದ್ದು ಬಂದಂತೆ ಕಂಡಿತು. ಹಿಂದೆ ದೀಪವಿಲ್ಲ. ಕೆಟ್ಟು, ರಸ್ತೆಯ ನಡುವೆ ಅಡ್ಡವಾಗಿ ನಿಂತಿತ್ತು. ಅದರ ಪಕ್ಕದಲ್ಲಿ ಗೋಣಿತಾಟು ಹೊದ್ದ ಮನುಷ್ಯನೊಬ್ಬ ಕೈ ಬೀಸುತ್ತಿದ್ದ.

ಮೇದಿನಿಯ ಕಾಲು ಬ್ರೇಕಿನ ಮೇಲೆ ಬಿತ್ತು. ಚಕ್ರ ಕಚ್ಚಿಕೊಂಡು ಜಾರದಂತೆ ಬ್ರೇಕು ತಾನೇ ಹಿಡಿದು ಬಿಡುತ್ತಿದ್ದಂತೆ ಪೆಡಲ್ಲು ಕಾಲಡಿಯಲ್ಲಿ ದಡದಡನೆ ಗುದ್ದಿತು. ಅವಳು ಕಣ್ಣನ್ನು ಆ ಮನುಷ್ಯನಿಂದ ಬಿಡಿಸಿ, ಟ್ರೇಲರಿನ ಎಡಕ್ಕಿದ್ದ ಜಾಗಕ್ಕೆ ಇಟ್ಟು, ಸ್ಟೇರಿಂಗನ್ನು ಅಷ್ಟೇ ತಿರುಗಿಸಿದಳು. ಮೂತಿ ತಿರುಗಿತು. ಮೂತಿಯ ಹಿಂದೆಯೇ ಹಿಂಭಾಗವೂ ಬಂತು. ಎಲ್ಲೂ ಜಾರಲಿಲ್ಲ, ಎಲ್ಲೂ ಸುತ್ತಲಿಲ್ಲ. ಕಾರು ಟ್ರೇಲರಿನ ಮಗ್ಗುಲಲ್ಲಿ ತೋಳಳತೆಯಲ್ಲಿ ಹಾದು, ರಸ್ತೆಯ ಅಂಚಿನಲ್ಲಿ ನೇರವಾಗಿ ನಿಂತಿತು.

ಮೇಸ್ಟ್ರ ಬೆರಳುಗಳು ಬಾಗಿಲ ಹಿಡಿಯ ಮೇಲೆ ಬಿಳುಚಿದ್ದವು. ಅವರು ಒಂದೊಂದಾಗಿ ಬೆರಳು ಬಿಡಿಸಿದರು. ಮೇದಿನಿ ಇಳಿದು ಮಳೆಯಲ್ಲೇ ಹಿಂದಕ್ಕೆ ಓಡಿ, ಕಾರಿನಲ್ಲಿದ್ದ ಕೆಂಪು ತ್ರಿಕೋನವನ್ನು ಟ್ರೇಲರಿನ ಹಿಂದೆ ದೂರದಲ್ಲಿ ಇಟ್ಟಳು. ಹಿಂದೆ ಬಂದ ಲಾರಿಯವರು ಅದನ್ನು ಕಂಡು ನಿಲ್ಲಿಸಿ ಇಳಿದರು. ಎಲ್ಲ ಸೇರಿ ಟ್ರ್ಯಾಕ್ಟರನ್ನು ಪಕ್ಕಕ್ಕೆ ತಳ್ಳಿದರು. ಗೋಣಿತಾಟಿನ ಮನುಷ್ಯ ಅವಳಿಗೆ ಕೈ ಮುಗಿದ.

ನೆನೆದು ತೊಪ್ಪೆಯಾಗಿ ಅವಳು ಮತ್ತೆ ಸ್ಟೇರಿಂಗಿನ ಹಿಂದೆ ಕೂತಳು. ಮೇಸ್ಟ್ರು ತಮ್ಮ ಹೆಗಲ ಮೇಲಿದ್ದ ಟವೆಲ್ಲನ್ನು ಅವಳಿಗೆ ಕೊಟ್ಟರು. ಹಿಂದೆ ತಿರುಗಿ ಹೆಂಡತಿಯನ್ನು ನೋಡಿದರು. ಕಾರ್ಮಿನಮ್ಮ ಅದೇ ಭಂಗಿಯಲ್ಲಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದರು.

"ಹೊರಡು," ಎಂದರು ಮೇಸ್ಟ್ರು ಮೆಲ್ಲಗೆ. "ಎಬ್ಬಿಸಬೇಡ."

ಮನೆಯ ಗೇಟಿನ ಮುಂದೆ ಕಾರು ನಿಂತಾಗ ಕಾರ್ಮಿನಮ್ಮನಿಗೆ ಎಚ್ಚರವಾಯಿತು. ಅವರು ಕಣ್ಣುಜ್ಜಿಕೊಂಡು ಸುತ್ತ ನೋಡಿದರು.

"ಇಷ್ಟು ಬೇಗ ಬಂದುಬಿಟ್ವಾ? ದಾರಿಯಲ್ಲಿ ಮಳೆ ಏನಾದರೂ ಸಿಕ್ತಾ?"

"ಸಿಕ್ತಮ್ಮ," ಎಂದಳು ಮೇದಿನಿ. "ಸ್ವಲ್ಪ."

ಈ ಕಥೆ ಹೇಳುವ ನೀತಿ ಇಷ್ಟು: ಆಯ್ಕೆ ಮಾಡುವಾಗ ಜನ ಚಪ್ಪಾಳೆ ತಟ್ಟುವ ಒಂದು ಗಳಿಗೆಯನ್ನಲ್ಲ, ನಾವು ಹೋಗಿ ಬರಬೇಕಾದ ಇಡೀ ದಾರಿಯನ್ನು ನೋಡಬೇಕು. ಕಣ್ಣಿಗೆ ಕಾಣುವ ಮುಂಭಾಗವನ್ನು ಬಲಪಡಿಸಿ, ಕಾಣದ ಹಿಂಭಾಗವನ್ನು ಸವೆಯಲು ಬಿಟ್ಟರೆ ಆ ಬಲವೇ ನಮ್ಮನ್ನು ಕೆಡವುತ್ತದೆ. ಸರಿಯಾದ ಆಯ್ಕೆಗೆ ಕೆಲವೊಮ್ಮೆ ಬಹುಮಾನ ಸಿಗುವುದಿಲ್ಲ. ನಮ್ಮನ್ನು ನಂಬಿ ಹಿಂದೆ ಕೂತವರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತ ಮನೆ ಸೇರಿದರೆ, ಅದೇ ಅದರ ಫಲ.